ಚುನಾವಣೆಯ ಹಣ: ಖಾತೆ ಪುಸ್ತಕ ಎಲ್ಲಿದೆ?

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ತರಕಾರಿ ಅಂಗಡಿಗಳವರ ಕೈಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಬಂದದ್ದನ್ನು ನಮ್ಮ ವಾಚಕರು ಮರೆತಿರಲಾರರು. ಗಿರಾಕಿಗಳು ಫೋನಿನಿಂದ ಕೊಟ್ಟ ಹತ್ತು ಇಪ್ಪತ್ತು ರೂಪಾಯಿಗಳನ್ನೆಲ್ಲ ಇಲಾಖೆಯವರು ವರ್ಷವರ್ಷಕ್ಕೆ ಕೂಡಿಸಿ ಇಟ್ಟಿದ್ದರು. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸತಕ್ಕದ್ದು, ನೀವು ಮಾಡಿಸಿಲ್ಲ, ಆದ್ದರಿಂದ ಹಿಂದಿನ ಬಾಕಿಯನ್ನೆಲ್ಲ ಕಟ್ಟಿ ಎಂಬುದು ನೋಟೀಸಿನ ತಾತ್ಪರ್ಯ. ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಕಾಗದ ಅಂಟಿಕೊಂಡಿತು. 25ನೇ ತಾರೀಖು ಬಂದ್ ಮಾಡುವ ಮಾತು ಹೊರಟಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ಲೆಕ್ಕ ಕೇಳುವುದೇ ತಪ್ಪೆಂದು ನಾವು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸರ್ಕಾರ ನಡೆಯಬೇಕಾದರೆ ತೆರಿಗೆ ಬೇಕು, ತೆರಿಗೆ ಬೇಕಾದರೆ ಖಿರ್ದಿ ಬೇಕು. ನಾವು ಕೇಳುವುದು ಬೇರೆ. ಟೀ ಅಂಗಡಿಯವನ ಗಲ್ಲಾಪೆಟ್ಟಿಗೆಯೊಳಗೆ ಇಷ್ಟು ಚೆನ್ನಾಗಿ ಕಣ್ಣು ಹಾಯುವ ಸರ್ಕಾರಕ್ಕೆ, ಆ ಸರ್ಕಾರವನ್ನೇ ಕಟ್ಟಿ ಕೂರಿಸುವ ರಾಜಕೀಯ ಪಕ್ಷಗಳ ಗಲ್ಲಾಪೆಟ್ಟಿಗೆ ಏಕೆ ಕಾಣಿಸುವುದಿಲ್ಲ?

ಈ 40 ಲಕ್ಷ ಎಂಬ ಅಂಕಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು. 2022ರ ಜನವರಿಯಿಂದ ಕರ್ನಾಟಕದಲ್ಲಿ ವಿಧಾನಸಭೆಗೆ ನಿಲ್ಲುವ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತವೂ ಅಷ್ಟೇ, 40 ಲಕ್ಷ. ಲೋಕಸಭೆಗಾದರೆ 95 ಲಕ್ಷ. ಕಾಂಡಿಮೆಂಟ್ಸ್ ಅಂಗಡಿಗೂ ಶಾಸಕನ ಕುರ್ಚಿಗೂ ಕಾನೂನು ಒಂದೇ ಗೆರೆ ಎಳೆದಿದೆ. ಅಂಗಡಿಯವನು ಗೆರೆ ದಾಟಿದರೆ ಯಂತ್ರವೇ ಕೂಡಿಸಿ ಹೇಳುತ್ತದೆ. ಅಭ್ಯರ್ಥಿ ದಾಟಿದರೆ ಹೇಳುವವರು ಯಾರು?

ಇದಕ್ಕೆ ಜಾಲಹಳ್ಳಿಯ ಉದಾಹರಣೆಗಿಂತ ಹತ್ತಿರದ್ದು ನಮಗೆ ಬೇಕಿಲ್ಲ. ಜಾಲಹಳ್ಳಿ ಎಂದರೆ 1953ರಲ್ಲಿ ಎಚ್.ಎಂ.ಟಿ. ಬಂದ ಊರು, 1954ರಲ್ಲಿ ಬಿ.ಇ.ಎಲ್. ಬಂದ ಊರು. ರಾಗಿ ಹೊಲದ ಹಳ್ಳಿಯಲ್ಲಿ ಸೈರನ್ ಕೂಗಿ, ಸಾವಿರಾರು ಮನೆಗಳಲ್ಲಿ ಸಂಬಳದ ದಿನ ಎಂಬುದೊಂದು ಹುಟ್ಟಿತು. ದೇಶದ ಮಣಿಕಟ್ಟಿಗೆ ಗಡಿಯಾರ ಕಟ್ಟಿದ ಆ ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚುವುದಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದು ಬೇರೆ ಕಥೆ. ಇಲ್ಲಿ ನಾವು ಹೇಳಹೊರಟದ್ದು 2018ರ ಮೇ ತಿಂಗಳ ವಿಷಯ.

ಆ ತಿಂಗಳು 12ರಂದು ರಾಜ್ಯದಲ್ಲಿ ವಿಧಾನಸಭೆಗೆ ಮತದಾನ. ಅದಕ್ಕೆ ನಾಲ್ಕು ದಿನ ಮುಂಚೆ, ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ ಸೇರಿದ ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ ಮತದಾರರ ಗುರುತಿನ ಚೀಟಿಗಳು ರಾಶಿಯಾಗಿ ಸಿಕ್ಕಿದವು. ಎಣಿಸಿದಾಗ 9,746. ಸಣ್ಣ ಸಣ್ಣ ಕಟ್ಟು ಕಟ್ಟಿ ಇಟ್ಟಿದ್ದರು. ಜೊತೆಗೆ ಲ್ಯಾಪ್‌ಟಾಪುಗಳು, ಪ್ರಿಂಟರು. ನೋಡಿದ ಮಟ್ಟಿಗೆ ಚೀಟಿಗಳು ಅಸಲಿ ಎಂದೇ ಚುನಾವಣಾಧಿಕಾರಿಗಳು ಹೇಳಿದರು. ಅಂದರೆ ಸುಮಾರು ಹತ್ತು ಸಾವಿರ ಜನರ ಮನೆಯ ಪೆಟ್ಟಿಗೆಯಲ್ಲಿರಬೇಕಾದದ್ದು ಒಂದು ಫ್ಲಾಟಿನ ಕೋಣೆಯಲ್ಲಿತ್ತು. ಕಾಂಗ್ರೆಸ್ಸಿನವರು ಬಿ.ಜೆ.ಪಿ.ಯತ್ತ ಬೆರಳು ತೋರಿಸಿದರು, ಬಿ.ಜೆ.ಪಿ.ಯವರು ಕಾಂಗ್ರೆಸ್ಸಿನತ್ತ. ಫ್ಲಾಟು ಯಾರದು, ಬಾಡಿಗೆಗೆ ಹಿಡಿದವರು ಯಾವ ಪಕ್ಷದವರ ಕಡೆಯವರು ಎಂಬುದೇ ಎರಡು ದಿನದ ಸುದ್ದಿಯಾಯಿತು. ಆಯೋಗ ಆ ಒಂದು ಕ್ಷೇತ್ರದ ಮತದಾನವನ್ನು 28ಕ್ಕೆ ಮುಂದೂಡಿತು. ಫಲಿತಾಂಶ 31ರಂದು ಬಂತು. ಶಾಸಕರು ಆಯ್ಕೆಯಾದರು, ಎಲ್ಲವೂ ಮುಗಿಯಿತು.

ಯಾರು ತಪ್ಪಿತಸ್ಥರು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಕೋರ್ಟುಗಳಿವೆ. ಆದರೆ ಸಂಸಾರ ಮಾಡಿದವರಿಗೆ ಆ ಕೋಣೆಯನ್ನು ನೋಡಿದೊಡನೆ ಏಳುವ ಪ್ರಶ್ನೆಗಳಿವೆ. ಜಾಲಹಳ್ಳಿಯಲ್ಲಿ ಫ್ಲಾಟು ಪುಕ್ಕಟೆ ಸಿಕ್ಕುವುದಿಲ್ಲ. ಮುಂಗಡ ಯಾರು ಕೊಟ್ಟರು, ಬಾಡಿಗೆ ಯಾರು ಕಟ್ಟಿದರು? ಮನೆಮನೆ ತಿರುಗಿ ಹತ್ತು ಸಾವಿರ ಚೀಟಿ ಕೂಡಿಸಲು ಹುಡುಗರು ಬೇಕು. ಆ ಹುಡುಗರ ದಿನಗೂಲಿ, ಊಟ, ಪೆಟ್ರೋಲು ಯಾರ ಲೆಕ್ಕ? ಯಂತ್ರಗಳನ್ನು ಕೊಂಡ ಬಿಲ್ಲು ಯಾರ ಹೆಸರಿನಲ್ಲಿ? ಯಾವ ಪಕ್ಷದವರಾಗಲಿ, ಮನೆಯ ಚಿನ್ನ ಅಡವಿಟ್ಟು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ. ಎಲ್ಲಿಂದಲೋ ಒಂದು ಥೈಲಿ ಬಂದಿರಬೇಕು. ಆ ವಾರವೆಲ್ಲ ಪತ್ರಿಕೆಗಳಲ್ಲಿ ಎದ್ದು ಕಂಡದ್ದು ಚೀಟಿ ಯಾರದು, ಫ್ಲಾಟು ಯಾರದು ಎಂಬ ಮಾತು. ದುಡ್ಡು ಯಾರದು ಎಂಬ ಮಾತಿಗೆ ಅಷ್ಟು ಜಾಗ ಸಿಕ್ಕಲಿಲ್ಲ.

ಆಗಿನ ಮಿತಿ 28 ಲಕ್ಷ. ರಾಜರಾಜೇಶ್ವರಿನಗರದಲ್ಲಿ ನಾಲ್ಕು ಲಕ್ಷಕ್ಕೆ ಮೇಲ್ಪಟ್ಟು ಮತದಾರರು. ನಾವು ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದವರು, ಆ ಚಟ ಇನ್ನೂ ಹೋಗಿಲ್ಲ. ಭಾಗಿಸಿ ನೋಡಿದರೆ ಒಬ್ಬ ಮತದಾರನ ಪಾಲಿಗೆ ಏಳು ರೂಪಾಯಿಯೂ ಪೂರ್ತಿ ಬರುವುದಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಬೈಟು ಕಾಫಿಗೂ ಅದು ಸಾಲದು. ಈ ಹಣದಲ್ಲಿಯೇ ಕರಪತ್ರ, ಷಾಮಿಯಾನ, ಧ್ವನಿವರ್ಧಕ, ವಾಹನ, ಬೂತಿನ ಏಜೆಂಟರ ತಿಂಡಿ ಎಲ್ಲವೂ ಆಗಬೇಕು. ಆಗಿತ್ತೆಂದು ಆಣೆ ಮಾಡಿ ಹೇಳುವವರು ಯಾರಾದರೂ ಇದ್ದರೆ ಅವರಿಗೆ ನಮಸ್ಕಾರ.

ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಒಟ್ಟು 9,500 ಕೋಟಿಯಿಂದ 10,500 ಕೋಟಿ ರೂಪಾಯಿಯವರೆಗೆ ಖರ್ಚಾಗಿರಬಹುದೆಂದು ದೆಹಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ ಸಂಸ್ಥೆ ಅಂದಾಜು ಮಾಡಿತು. ಕಡಿಮೆಯ ಅಂಕಿಯನ್ನೇ ಹಿಡಿಯೋಣ. 224 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ 42 ಕೋಟಿ. ಪ್ರತಿ ಕ್ಷೇತ್ರದಲ್ಲಿ ಮೂವರು ಗಟ್ಟಿ ಅಭ್ಯರ್ಥಿಗಳೆಂದರೆ ತಲೆಗೆ 14 ಕೋಟಿ. ಇದು 28 ಲಕ್ಷದ ಐವತ್ತು ಪಟ್ಟು. ಅಂದಾಜು ತಾನೇ, ಅರ್ಧಕ್ಕೆ ಇಳಿಸಿ ಎಂದರೆ ಇಳಿಸೋಣ. ಆಗಲೂ ಇಪ್ಪತ್ತೈದು ಪಟ್ಟು. ಆದರೆ ಚುನಾವಣೆ ಮುಗಿದ ಮೇಲೆ ಗೆದ್ದವರು ಬರೆದುಕೊಡುವ ಲೆಕ್ಕ ಸಾಮಾನ್ಯವಾಗಿ ಮಿತಿಗಿಂತ ಎಷ್ಟೋ ಕೆಳಗಿರುತ್ತದೆ. ಇಂಥ ಮಿತವ್ಯಯಿಗಳು ಸರ್ಕಾರದ ಬೊಕ್ಕಸದ ಹತ್ತಿರ ಬಂದ ಕೂಡಲೇ ಧಾರಾಳಿಗಳಾಗುವುದು ಹೇಗೋ!

2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ಹಿಡಿದ ನಗದು, ಮದ್ಯ, ಚಿನ್ನ, ಉಡುಗೊರೆ ಸಾಮಾನುಗಳ ಬೆಲೆ ಸುಮಾರು 375 ಕೋಟಿ ಎಂದು ಆಯೋಗವೇ ಪ್ರಕಟಿಸಿತು. 2018ರಲ್ಲಿ ಹಿಡಿದದ್ದು ಸುಮಾರು 84 ಕೋಟಿ. ಐದು ವರ್ಷದಲ್ಲಿ ನಾಲ್ಕೂವರೆ ಪಟ್ಟು. ಅಧಿಕಾರಿಗಳ ಕಣ್ಣು ಚುರುಕಾಗಿದೆಯೆಂದು ಸಂತೋಷಪಡೋಣವೆ, ಹಳ್ಳ ಹೊಳೆಯಾಗಿದೆಯೆಂದು ಅಂಜೋಣವೆ? ಎರಡೂ ನಿಜವಿರಬಹುದು. ಬಲೆಗೆ ಬಿದ್ದ ಮೀನನ್ನು ನೋಡಿ ಕೆರೆಯ ಮೀನನ್ನು ಎಣಿಸಲಾಗದು.

ಕಾನೂನಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಉಂಟು, ಅಭ್ಯರ್ಥಿಯ ಮಟ್ಟಿಗೆ ಧಾರಾಳವಾಗಿಯೇ ಉಂಟು. ಅವನು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಬಿಳಿ ಹಾಳೆಯಲ್ಲಿ ದಿನವಹಿ, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕಿನ ಲೆಕ್ಕ ಬರೆಯಬೇಕು. ವೀಕ್ಷಕರು ಬಂದಾಗ ತೋರಿಸಬೇಕು. ಫಲಿತಾಂಶವಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ತಕ್ಕ ಕಾರಣವಿಲ್ಲದೆ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹ. ಇಷ್ಟೆಲ್ಲ ಬಿಗಿ ಇರುವುದು ಅಭ್ಯರ್ಥಿಯ ಜೇಬಿಗೆ. ಅವನ ಬೆನ್ನಹಿಂದೆ ನಿಂತ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನೂರು ಕೋಟಿಯಾದರೂ ಸರಿ, ಸಾವಿರ ಕೋಟಿಯಾದರೂ ಸರಿ. ಮುಂಬಾಗಿಲಿಗೆ ಏಳು ಬೀಗ, ಹಿತ್ತಿಲಿಗೆ ಬೇಲಿಯೂ ಇಲ್ಲ.

ಈ ಹಿತ್ತಿಲು ತನ್ನಷ್ಟಕ್ಕೆ ಬಯಲಾದದ್ದಲ್ಲ. 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕನ್ವರ್ ಲಾಲ್ ಗುಪ್ತಾ ವಿರುದ್ಧ ಅಮರನಾಥ ಚಾವ್ಲಾ ಮೊಕದ್ದಮೆಯಲ್ಲಿ ಒಂದು ನೇರವಾದ ಮಾತು ಹೇಳಿತು: ಅಭ್ಯರ್ಥಿಗೆಂದು ಪಕ್ಷ ಮಾಡಿದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಸೇರಬೇಕು. ಆ ತಿಂಗಳು ಮುಗಿಯುವುದರೊಳಗಾಗಿ ಅಂದಿನ ಸರ್ಕಾರ ಆರ್ಡಿನೆನ್ಸ್ ತಂದು, ಪಕ್ಷ ಮಾಡುವ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬಾರದು ಎಂದು ತೀರ್ಪನ್ನು ಬುಡಮೇಲು ಮಾಡಿತು. ಕಾರ್ಮಿಕರ ಪರವಾಗಿ ಒಂದು ತೀರ್ಪು ಬಂದರೆ ಅದು ಜಾರಿಯಾಗಲು ಹತ್ತು ವರ್ಷ ಕಾಯುವ ನಮಗೆ, ಸರ್ಕಾರಕ್ಕೆ ಇಷ್ಟು ಲಗುಬಗೆಯೂ ಬರುತ್ತದೆ ಎಂದು ಅಂದು ತಿಳಿಯಿತು. 2003ರ ತಿದ್ದುಪಡಿಯಲ್ಲಿ ಬಾಗಿಲನ್ನು ಅರ್ಧ ಮುಚ್ಚಿದರು. ಈಗ ಒಬ್ಬ ಅಭ್ಯರ್ಥಿಯ ಹೆಸರು ಹಿಡಿದು ಪಕ್ಷ ಮಾಡುವ ಖರ್ಚು ಅವನ ಲೆಕ್ಕಕ್ಕೆ ಬರುತ್ತದೆ. ‘ತಾರಾ ಪ್ರಚಾರಕ’ರೆಂಬ ದೊಡ್ಡವರ ಪ್ರಯಾಣವೂ, ಯಾರ ಹೆಸರೂ ಹೇಳದ ಪಕ್ಷದ ಸಾಮಾನ್ಯ ಪ್ರಚಾರವೂ ಹೊರಗೇ ಉಳಿದಿವೆ. ಹೆಲಿಕಾಪ್ಟರು ಬರುವುದು ಆ ಉಳಿದ ಅರ್ಧ ಬಾಗಿಲಿನಿಂದ.

ಖರ್ಚಿನ ಮಾತು ಇಷ್ಟು. ಜಮೆಯ ಕಡೆ ನೋಡಿದರೆ ವಿಷಯ ಇನ್ನೂ ಗಹನವಾಗಿದೆ.

ಕಂಪನಿಗಳು ಪಕ್ಷಗಳಿಗೆ ಹಣ ಕೊಡಬಹುದೇ ಎಂಬ ಪ್ರಶ್ನೆ ಮೊದಲು ಜೋರಾಗಿ ಎದ್ದದ್ದು 1957ರಲ್ಲಿ. ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ವಂತಿಗೆ ಕೊಡಲು ತನ್ನ ನಿಬಂಧನೆಗಳನ್ನು ತಿದ್ದಿಕೊಳ್ಳಹೊರಟಾಗ ವಿಷಯ ಮುಂಬಯಿ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಾಧೀಶ ಎಂ.ಸಿ. ಚಾಗ್ಲಾ ಅವರು, ಕಾನೂನು ತಡೆಯದಿರುವುದರಿಂದ ಅನುಮತಿ ಕೊಡದೆ ವಿಧಿಯಿಲ್ಲವೆಂದರು. ಜೊತೆಗೇ, ಇದು ಪ್ರಜಾಸತ್ತೆಯ ಕತ್ತು ಹಿಸುಕುವ ಮಟ್ಟಿಗೆ ಬೆಳೆಯಬಹುದಾದ ಅಪಾಯವೆಂದು ಪಾರ್ಲಿಮೆಂಟನ್ನು ಎಚ್ಚರಿಸಿದರು. 1964ರಲ್ಲಿ ಭ್ರಷ್ಟಾಚಾರ ತಡೆಗೆ ನೇಮಕವಾದ ಸಂತಾನಂ ಸಮಿತಿ, ಕಂಪನಿಗಳ ವಂತಿಗೆಯನ್ನು ಪೂರ್ತಿ ನಿಲ್ಲಿಸಬೇಕೆಂದಿತು. 1969ರಲ್ಲಿ ನಿಂತಿತು. ನಮ್ಮ ಕಡೆಯವರು ಹರ್ಷಪಟ್ಟರು. ಆದರೆ ನಿಂತದ್ದು ಚೆಕ್ಕು ಮಾತ್ರ. ಸೂಟ್‌ಕೇಸಿನ ಓಡಾಟ ಹೆಚ್ಚಿತು. ಪಕ್ಷಗಳಿಗೆ ಬೇರೆ ದಾರಿ ತೋರಿಸದೆ ಬರಿಯ ನಿಷೇಧ ಹಾಕಿದ್ದರ ಫಲ ಇದು. 1985ರಲ್ಲಿ ರಾಜೀವ ಗಾಂಧಿಯವರ ಸರ್ಕಾರ ನಿಷೇಧ ತೆಗೆದು, ಲಾಭದ ಶೇಕಡ 5ರವರೆಗೆ ಕೊಡಬಹುದೆಂದಿತು. 2013ರಲ್ಲಿ ಅದು ಏಳೂವರೆ ಆಯಿತು. 2017ರಲ್ಲಿ ಮಿತಿಯೇ ಹಾರಿಹೋಯಿತು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದು, ಯಾವ ಪಕ್ಷಕ್ಕೆ ಕೊಟ್ಟೆವೆಂದು ಪುಸ್ತಕದಲ್ಲಿ ಬರೆಯಬೇಕಾಗಿಲ್ಲ. ಬೋನಸ್ ಕೇಳಿದಾಗ ನಷ್ಟದ ಪತ್ರ ಮುಂದೆ ಹಿಡಿಯುವ ಮಾಲೀಕರನ್ನು ಕಂಡ ಗಿರಣಿ ಕಾರ್ಮಿಕರಿಗೆ ಇದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಮಿಕ ಸಂಘಗಳಿಗೆ ಇದೇ ಕಾನೂನು ಏನು ಹೇಳಿತ್ತು ನೋಡಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಯನ್ನು ಮಾಡಿದವರು ಬ್ರಿಟಿಷರು, ಕಾರ್ಮಿಕರ ನಂಟರೇನಲ್ಲ. ಸಂಘದ ಸಾಮಾನ್ಯ ನಿಧಿಯಿಂದ ರಾಜಕೀಯಕ್ಕೆ ಒಂದು ಕಾಸನ್ನೂ ತೆಗೆಯಕೂಡದು. ಬೇಕಾದರೆ ಬೇರೆ ನಿಧಿ ಇಡತಕ್ಕದ್ದು. ಅದಕ್ಕೆ ಚಂದಾ ಕೊಡೆಂದು ಯಾವ ಸದಸ್ಯನನ್ನೂ ಬಲವಂತ ಮಾಡಕೂಡದು. ಕೊಡದವನಿಗೆ ಸಂಘದಲ್ಲಿ ಯಾವ ಕುಂದೂ ಉಂಟಾಗಕೂಡದು. ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿದ ಜಮಾ-ಖರ್ಚನ್ನು ರಿಜಿಸ್ಟ್ರಾರರಿಗೆ ಕಳಿಸತಕ್ಕದ್ದು ಎಂದು ಅವರು ಬರೆದರು. ನ್ಯಾಯವೇ. ಸದಸ್ಯನ ದುಡ್ಡು ಸದಸ್ಯನ ಒಪ್ಪಿಗೆಯಿಲ್ಲದೆ ಪಕ್ಷಕ್ಕೆ ಹೋಗಬಾರದು. ಹಾಗಾದರೆ ಷೇರುದಾರನ ದುಡ್ಡು? ಕಂಪನಿಯ ಡೈರೆಕ್ಟರುಗಳು ಒಂದು ಮೇಜಿನ ಸುತ್ತ ಕುಳಿತು ಠರಾವು ಮಾಡಿದರೆ ಸಾಕು, ಷೇರುದಾರರನ್ನು ಕೇಳಬೇಕಾಗಿಲ್ಲ. ಆ ಲಾಭವನ್ನು ದುಡಿದುಕೊಟ್ಟವರನ್ನು ಕೇಳುವ ಮಾತಂತೂ ಯಾರ ಕನಸಿನಲ್ಲೂ ಇಲ್ಲ. ಗೇಟಿನ ಬಳಿ ಟವೆಲು ಹಾಸಿ ಎತ್ತಿದ ಚಂದಾಕ್ಕೆ ರಸೀದಿ ಹರಿಯುವವನು ಒಂದು ಕಡೆ, ಕೋಟಿಗಳನ್ನು ಮೌನವಾಗಿ ದಾಟಿಸುವವನು ಇನ್ನೊಂದು ಕಡೆ. ಸಂಶಯಪಡುವುದು ಮಾತ್ರ ಸದಾ ಮೊದಲನೆಯವನ ಮೇಲೆ.

ಮೌನವಾಗಿ ದಾಟಿಸುವ ಈ ವಿದ್ಯೆಗೆ 2018ರ ಜನವರಿಯಲ್ಲಿ ಸರ್ಕಾರದ ಮುದ್ರೆಯೇ ಬಿತ್ತು. ಅದೇ ಚುನಾವಣಾ ಬಾಂಡು. ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಗೆ ಹೋಗಿ ಸಾವಿರದಿಂದ ಒಂದು ಕೋಟಿಯವರೆಗಿನ ಬಾಂಡು ಕೊಂಡು, ಹದಿನೈದು ದಿನದೊಳಗೆ ಇಷ್ಟವಾದ ಪಕ್ಷಕ್ಕೆ ಕೊಡುವುದು. ಬಾಂಡಿನ ಮೇಲೆ ಕೊಟ್ಟವನ ಹೆಸರಿಲ್ಲ. ಪಕ್ಷ ಅದನ್ನು ಪ್ರಕಟಿಸಬೇಕಾಗಿಲ್ಲ. ರಿಸರ್ವ್ ಬ್ಯಾಂಕೂ ಚುನಾವಣಾ ಆಯೋಗವೂ 2017ರಲ್ಲೇ ಇದಕ್ಕೆ ತಮ್ಮ ಆಕ್ಷೇಪಣೆಗಳನ್ನು ಬರೆದು ತಿಳಿಸಿದ್ದವು, ಕೇಳುವವರಿರಲಿಲ್ಲ. 2024ರ ಜನವರಿಯವರೆಗೆ ಒಟ್ಟು ಸುಮಾರು 16,500 ಕೋಟಿ ರೂಪಾಯಿಯ ಬಾಂಡುಗಳು ಮಾರಾಟವಾದವು. ಬೆಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದು ಕೋಟಿಯ ಬಾಂಡುಗಳದೇ. ಸಾವಿರ ರೂಪಾಯಿಯ ಬಾಂಡನ್ನು ಬಹುಶಃ ನಮ್ಮಂಥವರ ಹೆಸರು ಹೇಳಲು ಅಚ್ಚು ಹಾಕಿಸಿದ್ದರೆಂದು ತೋರುತ್ತದೆ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ಈ ಯೋಜನೆಯನ್ನು ರದ್ದು ಮಾಡಿದರು. ಪಕ್ಷಕ್ಕೆ ಯಾರು ಹಣ ಕೊಡುತ್ತಾರೆಂದು ತಿಳಿಯುವುದು ಮತದಾರನ ಹಕ್ಕು ಎಂದರು. ಕಂಪನಿಗಳ ವಂತಿಗೆಗೆ ಇದ್ದ ಮಿತಿಯನ್ನು ತೆಗೆದದ್ದೂ ತಪ್ಪೆಂದರು. ವಿವರ ಕೊಡಲು ಸ್ಟೇಟ್ ಬ್ಯಾಂಕು ಜೂನ್ ಕೊನೆಯವರೆಗೆ, ಅಂದರೆ ಲೋಕಸಭಾ ಚುನಾವಣೆ ಮುಗಿಯುವವರೆಗೆ, ಗಡುವು ಕೇಳಿತು. ಸಾಲಗಾರ ರೈತ ಒಂದು ಕಂತು ತಪ್ಪಿದರೆ ಬಡ್ಡಿಯನ್ನು ಒಂದು ನಿಮಿಷದಲ್ಲಿ ತೆಗೆದು ತೋರಿಸುವ ಬ್ಯಾಂಕು ಇದು! ಕೋರ್ಟು ಒಪ್ಪಲಿಲ್ಲ, ಮಾರನೆಯ ದಿನವೇ ಕೊಡಿ ಎಂದಿತು. ಮಾರ್ಚ್ ತಿಂಗಳಲ್ಲಿ ಪಟ್ಟಿ ಹೊರಬಿತ್ತು.

ಪಟ್ಟಿಯಲ್ಲಿ ಏನಿತ್ತು? 2019ರ ಏಪ್ರಿಲ್‌ನಿಂದ ಈಚಿನ ಲೆಕ್ಕದಲ್ಲಿ ಬಿ.ಜೆ.ಪಿ.ಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ಸಿಗೆ 1,600 ಕೋಟಿಗೆ ಮೇಲೆ, ಕಾಂಗ್ರೆಸ್ಸಿಗೆ 1,400 ಕೋಟಿಗೆ ಮೇಲೆ. ನಮ್ಮ ರಾಜ್ಯದ ಜನತಾದಳಕ್ಕೂ ಬಾಂಡುಗಳಿಂದ ಒಟ್ಟು 89 ಕೋಟಿ 75 ಲಕ್ಷ. ಕೊಟ್ಟವರ ಹೆಸರನ್ನು ಆಯೋಗಕ್ಕೆ ತಿಳಿಸಿದ ಕೆಲವೇ ಪಕ್ಷಗಳಲ್ಲಿ ಅದೂ ಒಂದೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಎಲ್ಲರಿಗಿಂತ ಹೆಚ್ಚು ಬಾಂಡು ಕೊಂಡದ್ದು ಒಂದು ಲಾಟರಿ ಕಂಪನಿ: ಫ್ಯೂಚರ್ ಗೇಮಿಂಗ್, 1,368 ಕೋಟಿ. ಲಾಟರಿ ಎಂದರೇನೆಂದು ಕರ್ನಾಟಕದ ಕಾರ್ಮಿಕರಿಗೆ ಗೊತ್ತಿದೆ. ಸಂಬಳದ ಸಂಜೆ ಗೇಟಿನಿಂದ ಮನೆಗೆ ಹೋಗುವ ದಾರಿಯಲ್ಲೇ ಜೇಬು ಬರಿದಾಗುತ್ತಿದ್ದ ದಿನಗಳು ಅವು. 2007ರಲ್ಲಿ ನಮ್ಮ ರಾಜ್ಯ ಅದನ್ನು ನಿಷೇಧಿಸಿತು. ಲಾಟರಿಯ ಹಣ ಎಂದರೆ ಬೇರೆ ರಾಜ್ಯಗಳಲ್ಲಿ ನಮ್ಮಂಥವರೇ ಕಳೆದುಕೊಂಡ ಹಣ. ಆ ಹಣ ಒಂದು ಪಕ್ಷಕ್ಕಲ್ಲ, ಆಯಾ ಕಡೆ ಅಧಿಕಾರದಲ್ಲಿದ್ದ ಹಲವು ಪಕ್ಷಗಳಿಗೆ ಹರಿಯಿತು. ಎರಡನೆಯ ಸ್ಥಾನ ರಸ್ತೆ, ಸುರಂಗ, ನೀರಾವರಿಯ ಗುತ್ತಿಗೆ ಹಿಡಿಯುವ ಮೇಘಾ ಎಂಜಿನಿಯರಿಂಗ್ ಕಂಪನಿಯದು, 966 ಕೋಟಿ. ಸರ್ಕಾರದಿಂದ ಪರವಾನಗಿ ಬೇಕಾದವರು, ಸರ್ಕಾರದಿಂದ ಗುತ್ತಿಗೆ ಬೇಕಾದವರು. ಇವರು ತತ್ತ್ವಕ್ಕೆ ಮೆಚ್ಚಿ ಕೊಟ್ಟರೆಂದು ನಂಬಲು ನಾವು ಸಿದ್ಧರಿಲ್ಲ. ಕೊಟ್ಟದ್ದಕ್ಕೆ ಪ್ರತಿಯಾಗಿ ಇಂಥದೇ ಸಿಕ್ಕಿತೆಂದು ಆಧಾರವಿಲ್ಲದೆ ಹೇಳಲೂ ನಾವು ಸಿದ್ಧರಿಲ್ಲ. ಹೆಸರು, ತಾರೀಖು, ಮೊತ್ತ ಅಂದಂದೇ ಬಯಲಿನಲ್ಲಿದ್ದರೆ ಯಾರೂ ಊಹೆ ಮಾಡಬೇಕಾಗಿಯೇ ಇರಲಿಲ್ಲ.

ಬಾಂಡು ಹೋದ ಮೇಲೆ ಹೊಳೆ ಬತ್ತಿತೆಂದು ತಿಳಿಯಬೇಡಿ, ಪಾತ್ರ ಬದಲಾಯಿಸಿತು. 2013ರಲ್ಲೇ ರೂಪುಗೊಂಡ ಚುನಾವಣಾ ಟ್ರಸ್ಟುಗಳೆಂಬ ಕಾಲುವೆ ಇದೆ. ಕಂಪನಿಗಳು ಟ್ರಸ್ಟಿಗೆ ಕೊಡುತ್ತವೆ, ಟ್ರಸ್ಟು ಪಕ್ಷಗಳಿಗೆ ಹಂಚುತ್ತದೆ. ಕೊಟ್ಟವರ ಪಟ್ಟಿಯೂ ಇದೆ, ತೆಗೆದುಕೊಂಡವರ ಪಟ್ಟಿಯೂ ಇದೆ. ಯಾರ ಹಣ ಯಾರಿಗೆ ಎಂಬ ನಡುವಿನ ಗೆರೆ ಮಾತ್ರ ಇಲ್ಲ. ಹತ್ತು ಮನೆಯ ಹಾಲನ್ನು ಒಂದೇ ಡಬ್ಬಿಗೆ ಸುರಿದ ಮೇಲೆ ಯಾವ ಲೋಟದಲ್ಲಿ ಯಾವ ಹಸುವಿನ ಹಾಲು ಎಂದು ಹೇಳುವುದು ಹೇಗೆ? 2024-25ರಲ್ಲಿ ಈ ದಾರಿಯಿಂದ ಹರಿದದ್ದು 3,800 ಕೋಟಿಗೆ ಮೇಲ್ಪಟ್ಟು. ಐದರಲ್ಲಿ ನಾಲ್ಕು ಪಾಲು ಕೇಂದ್ರದಲ್ಲಿ ಆಳುವ ಪಕ್ಷಕ್ಕೇ. ಬಾಂಡಿಗಿಂತ ಇದು ಮೇಲು, ಹೆಸರಾದರೂ ಕಾಣುತ್ತದೆ. ಅಷ್ಟಕ್ಕೆ ತೃಪ್ತರಾಗಬೇಕೆಂದರೆ ನಾವು ಒಪ್ಪುವುದಿಲ್ಲ.

ಕೊಟ್ಟವರ ಹೆಸರು ಹೊರಬಿದ್ದರೆ ವಿರೋಧ ಪಕ್ಷಕ್ಕೆ ಕೊಟ್ಟ ವ್ಯಾಪಾರಿಯ ಮೇಲೆ ಆಳುವವರು ದಾಳಿ ಮಾಡಿಸುವುದಿಲ್ಲವೆ ಎಂದು ಒಬ್ಬ ಬಟ್ಟೆ ಅಂಗಡಿಯ ಸ್ನೇಹಿತರು ನಮ್ಮನ್ನು ಕೇಳಿದರು. ಈ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಐನೂರು ಸಾವಿರ ಕೊಡುವವನ ಹೆಸರನ್ನು ಊರಿಗೆಲ್ಲ ಸಾರಬೇಕಾಗಿಲ್ಲ. 20,000 ರೂಪಾಯಿಗೆ ಒಳಗಿನ ದೇಣಿಗೆಗೆ ಹೆಸರು ತಿಳಿಸಬೇಕಾಗಿಲ್ಲವೆಂಬ ವಿನಾಯಿತಿ ಇರುವುದೂ ಇಂಥವರಿಗಾಗಿ. ಆದರೆ ಬಾಂಡಿನ ಗುಟ್ಟು ಯಾರಿಗೆ ಗುಟ್ಟಾಗಿತ್ತು? ಮಾರಿದ್ದು ಸರ್ಕಾರದ ಬ್ಯಾಂಕು. ಕೇಳುವ ಅಧಿಕಾರವಿದ್ದವರಿಗೆ ತಿಳಿಯುವ ದಾರಿಯಿತ್ತು, ಮತದಾರನಿಗೆ ಮಾತ್ರ ಇರಲಿಲ್ಲ. ವೋಟು ಗುಟ್ಟಾಗಿರುವುದು ಬಲಹೀನನನ್ನು ಬಲಿಷ್ಠನಿಂದ ಕಾಪಾಡಲು. ಕೋಟಿ ಕೊಡುವವನು ಬಲಹೀನನಲ್ಲ. ಇನ್ನು ಆ 20,000ದ ವಿನಾಯಿತಿಯೂ ದೊಡ್ಡವರಿಗೆ ಕೊಡೆಯಾಗಿದೆ. ತನಗೆ ಬಂದ ಒಂದೊಂದು ದೇಣಿಗೆಯೂ 20,000ಕ್ಕೆ ಒಳಗಿನದೇ ಎಂದು ಬಹುಜನ ಸಮಾಜ ಪಕ್ಷ ವರ್ಷಗಟ್ಟಲೆ ಬರೆದುಕೊಟ್ಟಿದೆ.

ನಮ್ಮ ಸಾಲಿನವರನ್ನೂ ಬಿಡುವ ಹಾಗಿಲ್ಲ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕಿನ ಕಾಯ್ದೆಗೆ ಒಳಪಡುತ್ತವೆಂದು ತೀರ್ಮಾನಿಸಿತು. ಕಾಂಗ್ರೆಸ್ಸೂ ಬಿ.ಜೆ.ಪಿ.ಯೂ ಇನ್ನಿಬ್ಬರೂ ಒಪ್ಪಲಿಲ್ಲವೆಂದರೆ ಆಶ್ಚರ್ಯವಿಲ್ಲ. ಆರರಲ್ಲಿ ಎರಡು ಕಮ್ಯುನಿಸ್ಟ್ ಪಕ್ಷಗಳು. ಅವರು ಬಾಂಡನ್ನು ಮುಟ್ಟಲಿಲ್ಲ, ಮಾರ್ಕ್ಸ್‌ವಾದಿ ಪಕ್ಷ ಬಾಂಡಿನ ವಿರುದ್ಧ ಕೋರ್ಟಿಗೂ ಹೋಯಿತು. ಅದು ಅವರ ಗೌರವ. ಆದರೆ ಮಾಹಿತಿ ಆಯೋಗದ ಈ ಆಜ್ಞೆಯನ್ನು ಆರರಲ್ಲಿ ಯಾರೂ ಪಾಲಿಸಲಿಲ್ಲ. ಪಕ್ಷದೊಳಗಿನ ಚರ್ಚೆಯನ್ನು ಹೊರಗೆ ಹಾಕಲಾಗದು ಎಂಬ ಅವರ ವಾದದಲ್ಲಿ ಹುರುಳಿದೆ, ಚರ್ಚೆ ಒಳಗಿರಲಿ. ಹಣದ ಪುಸ್ತಕ ಚರ್ಚೆಯಲ್ಲ.

ಹಣವಿಲ್ಲದೆ ಪಕ್ಷ ನಡೆಯುವುದಿಲ್ಲವೆಂಬುದು ನಿಜ. ಪ್ರಶ್ನೆ ಯಾರಿಂದ ಎತ್ತುವುದೆಂಬುದು. 1952ರ ಮೊದಲ ಮಹಾಚುನಾವಣೆಯಲ್ಲಿ, ಕಾಗೋಡು ಸತ್ಯಾಗ್ರಹವಾಗಿ ಇನ್ನೂ ವರ್ಷ ತುಂಬುವ ಹೊತ್ತಿಗೆ, ಸಾಗರ-ಹೊಸನಗರ ಕ್ಷೇತ್ರದಲ್ಲಿ ಸಮಾಜವಾದಿ ಪಕ್ಷದಿಂದ ನಿಂತ ಶಾಂತವೇರಿ ಗೋಪಾಲಗೌಡರು ವೋಟಿನ ಜೊತೆಗೆ ನೋಟನ್ನೂ ಕೇಳುತ್ತಿದ್ದರೆಂದು ಮಲೆನಾಡಿನಲ್ಲಿ ಇಂದಿಗೂ ಹೇಳುತ್ತಾರೆ. ಗೇಣಿದಾರರ ಅಂಗಳದಿಂದ ಎದ್ದ ಪುಡಿಗಾಸಿನಲ್ಲಿ ಅವರು ಗೆದ್ದು ವಿಧಾನಸಭೆಗೆ ಹೋದರು. ಒಂದು ರೂಪಾಯಿ ಕೊಟ್ಟ ಗೇಣಿದಾರ ಮರುದಿನ ಎದುರಿಗೆ ನಿಂತು ಪ್ರಶ್ನೆ ಕೇಳುತ್ತಾನೆ, ಅಂಥವನಿಗೆ ಉತ್ತರ ಹೇಳುವುದೇ ಶಾಸಕನ ಕೆಲಸವಾಗುತ್ತದೆ. ಈಗ ನೋಟಿನ ನಡೆ ಹಿಂದುಮುಂದಾಗಿದೆ. ಅಭ್ಯರ್ಥಿ ಮತದಾರನಿಗೆ ಕೊಡುತ್ತಾನೆ, ಕೊಟ್ಟ ಮೇಲೆ ಬಾಕಿಯೇನಿದೆ ಎನ್ನುತ್ತಾನೆ. ಐನೂರರ ನೋಟು ತೆಗೆದುಕೊಂಡವರನ್ನು ಬೈಯುವುದು ಸುಲಭ, ನಾವು ಬೈಯುವುದಿಲ್ಲ. ಐದು ವರ್ಷಕ್ಕೊಮ್ಮೆ ಮಾತ್ರ ಬಾಗಿಲಿಗೆ ಬರುವ ಮನುಷ್ಯನಿಂದ ಸಿಕ್ಕಿದ್ದನ್ನು ಪಡೆದುಕೊಳ್ಳೋಣ ಎಂದು ಅವರು ಎಣಿಸಿದರೆ, ಹಾಗೆ ಎಣಿಸುವಂತೆ ಮಾಡಿದವರು ಬೇರೆ.

ನಾವು ಕೇಳುವುದು ಇದು. ಅಭ್ಯರ್ಥಿಗೆ ಮಿತಿ ಹಾಕಿದಂತೆ ಪಕ್ಷಕ್ಕೂ ಮಿತಿ ಹಾಕಬೇಕು. ಚುನಾವಣೆಯ ಕಾಲದಲ್ಲಿ ಬಂದ ದೊಡ್ಡ ದೇಣಿಗೆಗಳ ಹೆಸರು ಮತದಾನಕ್ಕೆ ಮುಂಚೆ ಪ್ರಕಟವಾಗಬೇಕು. ಈಗ ವಿಧಾನಸಭೆಯ ಚುನಾವಣೆಯಾದರೆ ಪಕ್ಷ ಖರ್ಚಿನ ಲೆಕ್ಕ ಕೊಡಲು 75 ದಿನ, ಲೋಕಸಭೆಗಾದರೆ 90 ದಿನ ಕಾಲಾವಕಾಶವಿದೆ. ಮದುವೆಯಾಗಿ ಮೂರು ತಿಂಗಳ ಮೇಲೆ ಜಾತಕ ತೋರಿಸಿದಂತೆ! ಪಕ್ಷಗಳ ಲೆಕ್ಕ ನೋಡುವ ಆಡಿಟರನ್ನು ಪಕ್ಷವೇ ಆರಿಸಿಕೊಳ್ಳಬಾರದು. ಕಂಪನಿಗಳ ಹಣವನ್ನು ಮತ್ತೆ ನಿಲ್ಲಿಸಬೇಕು. ಆದರೆ 1969ರಂತೆ ಬರಿಗೈಯಲ್ಲಿ ಅಲ್ಲ. 1998ರಲ್ಲಿ ಇಂದ್ರಜಿತ್ ಗುಪ್ತಾ ಸಮಿತಿ ಹೇಳಿದ ಹಾಗೆ, ನಗದಿನ ಬದಲು ಸೌಕರ್ಯದ ರೂಪದಲ್ಲಿ ಸರ್ಕಾರದ ನೆರವು ಸೇರಬೇಕು. ತೆರಿಗೆ ಹಣವನ್ನು ಇವರಿಗೇಕೆ ಕೊಡಬೇಕು ಎಂಬ ಸಿಟ್ಟು ನಮಗೆ ಅರ್ಥವಾಗುತ್ತದೆ. ಈಗಲೂ ಕೊಡುತ್ತಿರುವವರು ನಾವೇ, ಗುತ್ತಿಗೆಯ ದರದಲ್ಲಿ, ಲಾಟರಿಯ ಚೀಟಿಯಲ್ಲಿ, ಕಡಿಮೆಯಾದ ಬೋನಸ್ಸಿನಲ್ಲಿ. ರಸೀದಿ ಇಲ್ಲ, ಅಷ್ಟೆ.

ಇವೆಲ್ಲ ಪಾರ್ಲಿಮೆಂಟಿನಲ್ಲಿ ಆಗಬೇಕಾದವು, ಅಲ್ಲಿ ಕುಳಿತವರಿಗೆ ಅವಸರವಿಲ್ಲ. ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ ಒಂದು ಹತಾರವನ್ನು ಹೇಳಿ ಮುಗಿಸುತ್ತೇವೆ. 1961ರ ಚುನಾವಣಾ ನಿಯಮಗಳಲ್ಲಿ, ಅಭ್ಯರ್ಥಿ ಲೆಕ್ಕ ಒಪ್ಪಿಸಿದ ಎರಡು ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿ ತಮ್ಮ ಕಚೇರಿಯ ನೋಟೀಸ್ ಬೋರ್ಡಿನ ಮೇಲೆ ಅದನ್ನು ಪ್ರಕಟಿಸತಕ್ಕದ್ದು ಎಂದಿದೆ. ಯಾರ ಲೆಕ್ಕ, ಯಾವಾಗ ಬಂತು, ಎಲ್ಲಿ ಯಾವ ಹೊತ್ತಿನಲ್ಲಿ ನೋಡಬಹುದು ಎಂಬುದೆಲ್ಲ ಅದರಲ್ಲಿರಬೇಕು. ಒಂದು ರೂಪಾಯಿ ಶುಲ್ಕ ಕೊಟ್ಟು ಯಾರು ಬೇಕಾದರೂ ಆ ಲೆಕ್ಕವನ್ನು ನೋಡಬಹುದು. ಬೇಕಾದವರು ನಕಲಿನ ಶುಲ್ಕ ಕಟ್ಟಿ ದೃಢೀಕರಿಸಿದ ಪ್ರತಿಯನ್ನೂ ಪಡೆಯಬಹುದು. ಷಾಮಿಯಾನದ ಬಾಡಿಗೆ ಎಷ್ಟೆಂದು ಷಾಮಿಯಾನದವನಿಗಿಂತ ಚೆನ್ನಾಗಿ ಯಾವ ವೀಕ್ಷಕನಿಗೆ ಗೊತ್ತು? ಕರಪತ್ರದ ಕಾಗದದ ಬೆಲೆ ಪ್ರೆಸ್ಸಿನವನಿಗೆ, ಊಟದ ಪೊಟ್ಟಣದ ಬೆಲೆ ಹೋಟೆಲಿನವನಿಗೆ, ಬಾಡಿಗೆ ವಾಹನದ ದಿನದ ದರ ಟೆಂಪೋ ಓಡಿಸುವವನಿಗೆ ತಿಳಿಯದೆ? ಮುಂದಿನ ಚುನಾವಣೆಯ ಫಲಿತಾಂಶದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂವತ್ತು ದಿನ ಎಣಿಸಿ, ಪ್ರತಿ ಗಿರಣಿಯಿಂದ ಒಬ್ಬರು, ಪ್ರತಿ ಪೇಟೆಯಿಂದ ಒಬ್ಬರು ಜಿಲ್ಲಾ ಕಚೇರಿಗೆ ಹೋಗಬೇಕು. ಗೆದ್ದವರದು ಮಾತ್ರವಲ್ಲ, ಸೋತವರದನ್ನೂ, ನಮ್ಮ ಪಕ್ಷದವರದನ್ನೂ ತೆಗೆಸಿ ನೋಡಬೇಕು. ಬರೆದುಕೊಂಡು ಬಂದದ್ದನ್ನು ಸಂಘದ ಬೋರ್ಡಿನ ಮೇಲೆ, ಅಂಗಡಿಯ ಗೋಡೆಯ ಮೇಲೆ ಅಂಟಿಸಿ. ಈ ಪತ್ರಿಕೆಗೂ ಒಂದು ಪ್ರತಿ ಕಳಿಸಿ. ಬಂದಷ್ಟನ್ನು ನಾವು ಅಚ್ಚು ಹಾಕುತ್ತೇವೆ.